ಡ್ಯೂ ಡೇಟ್‌ನಿಂದ ಹಿಂದಕ್ಕೆ ಎಣಿಸಿ ಗರ್ಭ ಕಟ್ಟಿದ ದಿನ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲೆಕ್ಕ ಕಣ್ಣಿಗೆ ಕಟ್ಟಲಿ ಎಂದು ಇಡೀ ಪುಟಕ್ಕೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಡ್ಯೂ ಡೇಟ್ (ಹೆರಿಗೆಯ ಅಂದಾಜು ದಿನ) 2026ರ ಅಕ್ಟೋಬರ್ 15. ಆ ಜಾಗದಲ್ಲಿ ನಿಮ್ಮ ದಿನಾಂಕ ಹಾಕಿಕೊಂಡು ಓದಿ.

## ಡ್ಯೂ ಡೇಟ್ ಗೊತ್ತಿದೆ. ಗರ್ಭ ಕಟ್ಟಿದ್ದು ಯಾವಾಗ ಅಂತ ಲೆಕ್ಕ ಹಾಕೋದು ಹೇಗೆ?

ಡ್ಯೂ ಡೇಟ್‌ನಿಂದ 266 ದಿನ, ಅಂದರೆ 38 ವಾರ ಹಿಂದಕ್ಕೆ ಹೋಗಿ. ಅಕ್ಟೋಬರ್ 15ರಿಂದ ಹಿಂದಕ್ಕೆ ಎಣಿಸಿದರೆ ಜನವರಿ 22 ಸಿಗುತ್ತದೆ. 280 ದಿನ ಹಿಂದಕ್ಕೆ ಹೋದರೆ ಜನವರಿ 8. ಅದು ಕೊನೆಯ ಮುಟ್ಟು ಶುರುವಾದ ದಿನ.

ಲೆಕ್ಕ ಇಷ್ಟೇ. ಆದರೆ ಜನವರಿ 22ಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ಮೊದಲು ಸ್ವಲ್ಪ ತಡೆಯಿರಿ. ಆ ದಿನದ ಆಚೆಗೊಂದು ವಾರ, ಈಚೆಗೊಂದು ವಾರ ಸೇರಿಸಿ ನೋಡುವುದು ವಾಸಿ. ಏಕೆಂದು ಮುಂದೆ ಗೊತ್ತಾಗುತ್ತದೆ.

## ಕಂಪ್ಯೂಟರು, ಆ್ಯಪ್ಪು ಏನೂ ಬೇಡ. ಬೆರಳಲ್ಲಿ ಎಣಿಸಲು ಬರುತ್ತದೆಯೇ?

ಬರುತ್ತದೆ. ಡ್ಯೂ ಡೇಟ್‌ನಿಂದ ಒಂಬತ್ತು ತಿಂಗಳು ಹಿಂದೆ ಹೋಗಿ, ಅಲ್ಲಿಂದ ಏಳು ದಿನ ಮುಂದೆ ಬನ್ನಿ. ಅಕ್ಟೋಬರ್ 15ಕ್ಕೆ ಒಂಬತ್ತು ತಿಂಗಳು ಹಿಂದೆ ಜನವರಿ 15, ಏಳು ದಿನ ಸೇರಿಸಿದರೆ ಜನವರಿ 22.

ಎಲ್ಲ ತಿಂಗಳಿಗೂ ಇಷ್ಟು ಚೊಕ್ಕವಾಗಿ ಕೂರುವುದಿಲ್ಲ. ತಿಂಗಳಿಗೆ 28 ದಿನವೂ ಉಂಟು, 31 ದಿನವೂ ಉಂಟು. ಹಾಗಾಗಿ ಬೆರಳೆಣಿಕೆ ಕೆಲವು ತಿಂಗಳುಗಳಲ್ಲಿ ಒಂದರಿಂದ ಮೂರು ದಿನ ತಪ್ಪುತ್ತದೆ. ಡ್ಯೂ ಡೇಟ್ ಫೆಬ್ರವರಿ 5 ಆಗಿದ್ದರೆ ಬೆರಳ ಲೆಕ್ಕಕ್ಕೆ ಮೇ 12 ಬರುತ್ತದೆ, ದಿನ ಬಿಡದೆ 266 ಎಣಿಸಿದರೆ ಮೇ 15. ಮೂರು ದಿನದ ಈ ತಪ್ಪಿಗೆ ತಲೆ ಕೆಡಿಸಿಕೊಳ್ಳಬೇಡಿ. ದೇಹವೇ ಇದಕ್ಕಿಂತ ಹೆಚ್ಚು ಆಚೀಚೆ ಮಾಡುತ್ತದೆ.

## ಈ 280 ಮತ್ತು 266 ಎಲ್ಲಿಂದ ಬಂದವು?

ಗರ್ಭದ ವಯಸ್ಸನ್ನು ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆವತ್ತು ಗರ್ಭ ಇರುವುದಿಲ್ಲ, ಎಣಿಕೆ ಮಾತ್ರ ಶುರುವಾಗಿರುತ್ತದೆ. ಹೀಗೇಕೆ ಎಂದರೆ, ಮುಟ್ಟು ಕಣ್ಣಿಗೆ ಕಾಣುತ್ತದೆ, ನೆನಪಿರುತ್ತದೆ. ಅಂಡ ಬಿಡುಗಡೆಯಾದದ್ದು ಯಾರಿಗೂ ಕಾಣುವುದಿಲ್ಲ. ಮುಟ್ಟಿನಿಂದ ಹೆರಿಗೆಗೆ ಸರಾಸರಿ 280 ದಿನ, ಅಂದರೆ 40 ವಾರ. ಮುಟ್ಟಾಗಿ 14ನೇ ದಿನದ ಹೊತ್ತಿಗೆ ಅಂಡ ಬಿಡುಗಡೆಯಾಯಿತು ಎಂದು ಹಿಡಿದು ಆ 14ನ್ನು ಕಳೆದರೆ ಉಳಿಯುವುದು 266.

ಕೊನೆಯ ಮುಟ್ಟಿಗೆ ಏಳು ದಿನ ಸೇರಿಸಿ, ಮೂರು ತಿಂಗಳು ಹಿಂದೆ ಹೋಗಿ, ವರ್ಷ ಒಂದು ಕೂಡಿಸುವ ಸೂತ್ರ ಜರ್ಮನಿಯ ಪ್ರಸೂತಿ ತಜ್ಞ ಫ್ರಾಂಜ್ ಕಾರ್ಲ್ ನೇಗಲೆ (1778–1851) ಹೆಸರಿನಲ್ಲಿ ಚಾಲ್ತಿಯಲ್ಲಿದೆ. ಮೂಲ ಲೆಕ್ಕ ಅವನಿಗಿಂತ ಹಿಂದಿನ ಡಚ್ ವೈದ್ಯ ಹರ್ಮನ್ ಬೂರ್ಹಾವನದು. ಅಲ್ಟ್ರಾಸೌಂಡ್ ಇರಲಿ, ಅಂಡ ಯಾವಾಗ ಬಿಡುಗಡೆಯಾಗುತ್ತದೆ ಎಂಬ ತಿಳಿವಳಿಕೆಯೂ ಇಲ್ಲದ ಕಾಲದ ಸೂತ್ರ ಇವತ್ತಿನ ಮೊಬೈಲ್ ಆ್ಯಪ್‌ಗಳ ಹೊಟ್ಟೆಯಲ್ಲೂ ಕೂತಿದೆ.

ಒಂಬತ್ತು ತಿಂಗಳು ಎನ್ನುವ ಆಡುಮಾತು ತಪ್ಪೇ ಎಂದು ಕೆಲವರು ಕೇಳುತ್ತಾರೆ. ಮುಟ್ಟಿನಿಂದ ಎಣಿಸಿದರೆ ಒಂಬತ್ತು ತಿಂಗಳ ಮೇಲೆ ಒಂದು ವಾರ. ಗರ್ಭ ಕಟ್ಟಿದ ದಿನದಿಂದ ಎಣಿಸಿದರೆ ಒಂಬತ್ತು ತಿಂಗಳಿಗೆ ಒಂದು ವಾರ ಕಡಿಮೆ. ಆಡುಮಾತು ಎರಡರ ನಡುವೆ ಸರಿಯಾಗಿಯೇ ನಿಂತಿದೆ.

## ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಏನು?

ನಿಮ್ಮ ಡ್ಯೂ ಡೇಟ್ ಎಲ್ಲಿಂದ ಬಂತು ಎಂಬುದು. ಯಾರೂ ಕೇಳದ ಪ್ರಶ್ನೆಯನ್ನು ನಾನೇ ಕೇಳಿ ನಾನೇ ಉತ್ತರಿಸುತ್ತಿದ್ದೇನೆ, ಏಕೆಂದರೆ ಉಳಿದ ಉತ್ತರಗಳೆಲ್ಲ ಇದರ ಮೇಲೆ ನಿಂತಿವೆ.

ನೀವು ಹೇಳಿದ ಮುಟ್ಟಿನ ದಿನಾಂಕವನ್ನು ಹಿಡಿದು ಡಾಕ್ಟರು ಡ್ಯೂ ಡೇಟ್ ಬರೆದಿದ್ದರೆ, ಅದರಿಂದ 266 ಕಳೆದು ನೀವು ಹೊಸದೇನನ್ನೂ ಕಂಡುಹಿಡಿದಂತಾಗಲಿಲ್ಲ. ಅವರು ಜನವರಿ 8ಕ್ಕೆ 280 ಕೂಡಿಸಿದರು, ನೀವು 266 ಕಳೆದಿರಿ, ಉಳಿದದ್ದು ‘ಮುಟ್ಟಾಗಿ 14ನೇ ದಿನ’. ಬಲಗಿಸೆಯ ದುಡ್ಡನ್ನು ಎಡಗಿಸೆಗೆ ಹಾಕಿ ಗಳಿಕೆ ಎಂದಂತೆ. ಆ 14 ನಿಮ್ಮ ದೇಹದಿಂದ ಬಂದ ಸಂಖ್ಯೆಯಲ್ಲ, ಎಲ್ಲರಿಗೂ ಹೊಲಿದ ಒಂದೇ ಅಳತೆಯ ಅಂಗಿ.

ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್‌ನಲ್ಲಿ ಭ್ರೂಣವನ್ನು ಅಳೆದು ಡ್ಯೂ ಡೇಟ್ ಕೊಟ್ಟಿದ್ದರೆ ಕಥೆ ಬೇರೆ. ಅಲ್ಲಿ ಅಳೆದದ್ದು ನಿಮ್ಮ ಮಗುವನ್ನೇ. ಮುಟ್ಟು ನೆನಪಿರಲಿ ಬಿಡಲಿ, 28 ದಿನಕ್ಕೆ ಬರಲಿ 40 ದಿನಕ್ಕೆ ಬರಲಿ, ಆ ಡ್ಯೂ ಡೇಟ್‌ನಿಂದ 266 ಕಳೆದರೆ ನಿಜಕ್ಕೆ ಹತ್ತಿರದ ದಿನ ಸಿಗುತ್ತದೆ. ಐವಿಎಫ್, ಅಂದರೆ ದೇಹದ ಹೊರಗೆ ಅಂಡಕ್ಕೆ ವೀರ್ಯಾಣು ಸೇರಿಸಿ ಕಟ್ಟಿದ ಗರ್ಭ ಆಗಿದ್ದರೆ ಇನ್ನೂ ಖಚಿತ.

ಆದ್ದರಿಂದ ಫೈಲ್ ತೆರೆದು ನೋಡಿ. ಸ್ಕ್ಯಾನ್ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಎರಡು ಸಾಲು ಇರುತ್ತವೆ: ಎಲ್‌ಎಂಪಿ ಪ್ರಕಾರ ಇಡಿಡಿ ಒಂದು, ಸ್ಕ್ಯಾನ್ ಪ್ರಕಾರ ಇಡಿಡಿ ಇನ್ನೊಂದು. ಎಲ್‌ಎಂಪಿ ಎಂದರೆ ಕೊನೆಯ ಮುಟ್ಟು, ಇಡಿಡಿ ಎಂದರೆ ಡ್ಯೂ ಡೇಟ್. ಎರಡೂ ಹತ್ತಿರ ಹತ್ತಿರ ಇದ್ದರೆ ನಿಮ್ಮ ಡಾಕ್ಟರು ಮುಟ್ಟಿನ ಲೆಕ್ಕವನ್ನೇ ಉಳಿಸಿಕೊಂಡಿರುತ್ತಾರೆ.

## ನನಗೆ ಮುಟ್ಟು 28 ದಿನಕ್ಕೆ ಸರಿಯಾಗಿ ಬರುವುದಿಲ್ಲ. ಆಗ?

ಮುಟ್ಟಿನ ಚಕ್ರದಲ್ಲಿ ಎರಡು ಭಾಗ. ಅಂಡ ಬಿಡುಗಡೆಗೆ ಮುಂಚಿನ ಭಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಬಿಡುಗಡೆಯ ನಂತರದ ಭಾಗ ಅಷ್ಟಾಗಿ ಅಲುಗಾಡುವುದಿಲ್ಲ, ಸುಮಾರು 12ರಿಂದ 14 ದಿನ. ಹೀಗಾಗಿ 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅಂಡ ಬಿಡುಗಡೆಯಾಗುವುದು 14ನೇ ದಿನ ಅಲ್ಲ, 21ರ ಸುಮಾರಿಗೆ. ಜನವರಿ 8ಕ್ಕೆ ಮುಟ್ಟಾದ ಅಂಥವರಿಗೆ ಗರ್ಭ ಕಟ್ಟಿದ್ದು ಜನವರಿ 29ರ ಆಸುಪಾಸು, ಸರಿಯಾದ ಡ್ಯೂ ಡೇಟ್ ಅಕ್ಟೋಬರ್ 22. ಡಾಕ್ಟರಿಗೆ ಮುಟ್ಟಿನ ದಿನಾಂಕ ಹೇಳುವಾಗ ಚಕ್ರ ಎಷ್ಟು ದಿನದ್ದು ಎಂದೂ ಹೇಳಬೇಕಾದದ್ದು ಇದಕ್ಕೇ.

28 ದಿನದ ಚಕ್ರ ಇರುವವರೂ ಎದೆತಟ್ಟಿಕೊಂಡು ಹೇಳುವಂತಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಗರ್ಭಕ್ಕೆ ಪ್ರಯತ್ನಿಸುತ್ತಿದ್ದ 221 ಮಹಿಳೆಯರು ದಿನಾಲೂ ಮೂತ್ರದ ಮಾದರಿ ಕೊಟ್ಟರು. ಅದರಲ್ಲಿನ ಹಾರ್ಮೋನು ನೋಡಿ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಅಂಡ ಬಿಡುಗಡೆಯ ದಿನ ಗುರುತಿಸಿದರು. 2000ದಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ಪುಸ್ತಕಗಳು ಹೇಳುವ 10ರಿಂದ 17ನೇ ದಿನದೊಳಗೆ ಗರ್ಭ ಕಟ್ಟುವ ದಿನಗಳೆಲ್ಲ ಪೂರ್ತಿ ಬಿದ್ದದ್ದು ಸುಮಾರು ಶೇ 30ರಷ್ಟು ಮಹಿಳೆಯರಿಗೆ ಮಾತ್ರ.

ಪಿಸಿಒಎಸ್ (ಮುಟ್ಟು ಏರುಪೇರಾಗಿಸುವ ಹಾರ್ಮೋನಿನ ತೊಂದರೆ) ಇರುವವರು, ಮಗುವಿಗೆ ಹಾಲುಣಿಸುತ್ತಿರುವಾಗಲೇ ಮತ್ತೆ ಬಸಿರಾದವರು, ಗರ್ಭನಿರೋಧಕ ಮಾತ್ರೆ ಆಗಷ್ಟೇ ಬಿಟ್ಟವರು ಮುಟ್ಟಿನ ಲೆಕ್ಕವನ್ನು ಪಕ್ಕಕ್ಕಿಟ್ಟು ಮೊದಲ ಸ್ಕ್ಯಾನ್ ನಂಬುವುದೇ ಲೇಸು.

## ನಾವು ಕೂಡಿದ ದಿನವೇ ಗರ್ಭ ಕಟ್ಟಿದ ದಿನ ತಾನೇ?

ಇರಬಹುದು, ಐದು ದಿನ ಆಚೆಯೂ ಇರಬಹುದು. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೆ ಜೀವ ಹಿಡಿದುಕೊಂಡು ಕಾಯಬಲ್ಲದು. ಅಂಡಕ್ಕೆ ಅಷ್ಟು ತಾಳ್ಮೆ ಇಲ್ಲ, ಬಿಡುಗಡೆಯಾಗಿ 12ರಿಂದ 24 ಗಂಟೆಯೊಳಗೆ ವೀರ್ಯಾಣು ಸೇರದಿದ್ದರೆ ಮುಗಿಯಿತು. ಹಾಗಾಗಿ ಸೋಮವಾರ ಕೂಡಿ ಶುಕ್ರವಾರ ಗರ್ಭ ಕಟ್ಟುವುದು ಸಾಮಾನ್ಯ ಸಂಗತಿ. ಮೇಲೆ ಹೇಳಿದ ಅಧ್ಯಯನದಲ್ಲೇ, 1995ರ ವರದಿಯಲ್ಲಿ, ಗರ್ಭ ಕಟ್ಟಿದ್ದೆಲ್ಲ ಅಂಡ ಬಿಡುಗಡೆಯ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ, ಒಟ್ಟು ಆರು ದಿನಗಳಲ್ಲಿ ಕೂಡಿದ್ದರಿಂದ. ಬಿಡುಗಡೆಯ ಮರುದಿನದಿಂದಾಚೆ ಒಂದೂ ಇಲ್ಲ.

ನಮ್ಮ ಉದಾಹರಣೆಯಲ್ಲಿ ಅಂಡ ಬಿಡುಗಡೆ ಜನವರಿ 22 ಎಂದಿಟ್ಟುಕೊಂಡರೆ ಗರ್ಭಕ್ಕೆ ಕಾರಣವಾದ ಸಂಪರ್ಕ ಜನವರಿ 17ರಿಂದ 22ರೊಳಗೆ ಯಾವತ್ತಾದರೂ ಆಗಿರಬಹುದು. ಆ 22 ಎಂಬುದೇ ಐದಾರು ದಿನ ಆಚೀಚೆ ಇರಬಹುದಾದ್ದರಿಂದ ಕಿಟಕಿ ಇನ್ನೂ ಅಗಲವಾಗುತ್ತದೆ.

## ಡಾಕ್ಟರು ಆರು ವಾರ ಎನ್ನುತ್ತಾರೆ. ನನ್ನ ಗಂಡ ಊರಿಗೆ ಬಂದೇ ಐದು ವಾರ ಆಗಿಲ್ಲ! ಇದು ಹೇಗೆ?

ಈ ಪ್ರಶ್ನೆ ಬರುವಾಗ ದನಿ ಯಾವಾಗಲೂ ತಗ್ಗಿರುತ್ತದೆ. ಕೆಲವೊಮ್ಮೆ ಕೇಳುವುದು ಹೆಂಡತಿ, ಕೆಲವೊಮ್ಮೆ ಗಂಡ, ಒಮ್ಮೊಮ್ಮೆ ಅತ್ತೆ. ಎಷ್ಟೋ ಮನೆಗಳಲ್ಲಿ ಇಲ್ಲದ ಅನುಮಾನ ಹುಟ್ಟಿಸಿದ ಲೆಕ್ಕ ಇದು. ಬಿಡಿಸಿ ನೋಡೋಣ.

ಫೆಬ್ರವರಿ 20ರಂದು ಸ್ಕ್ಯಾನ್ ಆಯಿತು. ರಿಪೋರ್ಟಿನಲ್ಲಿ ‘ಜಿಎ’ ಎಂಬುದರ ಮುಂದೆ 6 ವಾರ 1 ದಿನ ಎಂದಿದೆ. ಗಂಡ ಪರಊರಿಂದ ಬಂದದ್ದು ಜನವರಿ 17ಕ್ಕೆ, ಅಂದರೆ ಸ್ಕ್ಯಾನ್ ದಿನಕ್ಕೆ 34 ದಿನ, ಐದು ವಾರಕ್ಕೆ ಒಂದು ದಿನ ಕಡಿಮೆ. ‘ಆರು ವಾರದ ಗರ್ಭ, ಐದು ವಾರದ ಗಂಡ’ ಎಂದು ಎಣಿಸಿದವರ ಎದೆ ಧಸಕ್ಕೆನ್ನುತ್ತದೆ.

ಈಗ ರಿಪೋರ್ಟಿನ ಆ 6 ವಾರ 1 ದಿನವನ್ನು 43 ದಿನ ಎಂದು ಬರೆದುಕೊಳ್ಳಿ. ಜಿಎ ಎಂದರೆ ಮುಟ್ಟಿನಿಂದ ಎಣಿಸಿದ ವಯಸ್ಸು. ಅದರಲ್ಲಿ ಮೊದಲ ಎರಡು ವಾರ ಗರ್ಭವೇ ಇರಲಿಲ್ಲ. 43ರಲ್ಲಿ 14 ಕಳೆದರೆ 29 ದಿನ, ಅಂದರೆ 4 ವಾರ 1 ದಿನ. ಫೆಬ್ರವರಿ 20ರಿಂದ 29 ದಿನ ಹಿಂದೆ ಹೋದರೆ ಜನವರಿ 22. ಗಂಡ ಬಂದು ಐದು ದಿನ ಆಗಿತ್ತು. ಲೆಕ್ಕ ಹೊಂದಿತು.

ಸ್ಕ್ಯಾನ್ ಮಾಡುವವರು ‘ಆರು ವಾರ’ ಎಂದಾಗಲೆಲ್ಲ ಮನಸ್ಸಿನಲ್ಲೇ ಎರಡು ಕಳೆಯಿರಿ. ಸ್ಕ್ಯಾನ್ ಯಂತ್ರ ಭ್ರೂಣದ ಉದ್ದ ಅಳೆದ ಮೇಲೂ ಆ ಎರಡು ವಾರ ಸೇರಿಸಿಯೇ ತೋರಿಸುತ್ತದೆ. ಹಾಗೆ ತೋರಿಸುವಂತೆ ಅದರ ಪಟ್ಟಿಯನ್ನು ಮಾಡಿಟ್ಟಿದ್ದಾರೆ. ಈ ಒಂದು ಮಾತನ್ನು ರಿಪೋರ್ಟಿನ ಅಡಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಬಾರದೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

## ಮೂರು ಸ್ಕ್ಯಾನ್ ಆಯಿತು, ಮೂರರಲ್ಲೂ ಬೇರೆ ಬೇರೆ ಡ್ಯೂ ಡೇಟ್. ಯಾವುದರಿಂದ ಎಣಿಸಲಿ?

ಮೊದಲನೆಯದರಿಂದ. ತಡವಾದಷ್ಟೂ ಸ್ಕ್ಯಾನ್ ಸ್ಪಷ್ಟವಾಗುತ್ತದೆ, ಆದ್ದರಿಂದ ಕೊನೆಯದೇ ಸರಿ ಎಂದು ಬಹಳ ಜನ ತಿಳಿದಿದ್ದಾರೆ. ದಿನಾಂಕದ ವಿಷಯದಲ್ಲಿ ಇದು ತಲೆಕೆಳಗು.

ಮೊದಲ ಮೂರು ತಿಂಗಳಲ್ಲಿ ಭ್ರೂಣಗಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ತಾಯಿ ಎತ್ತರವಿರಲಿ, ಗಿಡ್ಡವಿರಲಿ, ಎಂಟನೇ ವಾರದ ಭ್ರೂಣದ ಉದ್ದದಲ್ಲಿ ದೊಡ್ಡ ಅಂತರ ಇರುವುದಿಲ್ಲ. ಆಗ ಅಳೆಯುವುದು ನೆತ್ತಿಯಿಂದ ಪೃಷ್ಠದವರೆಗಿನ ಉದ್ದ. ರಿಪೋರ್ಟಿನಲ್ಲಿ ಸಿಆರ್‌ಎಲ್ ಎಂದು ಮಿಲಿಮೀಟರಿನಲ್ಲಿ ಇರುತ್ತದೆ. ಪರದೆಯ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಬೂದು ಬಣ್ಣದ ಪುಟ್ಟ ಆಕೃತಿ, ಅದರ ಎರಡು ತುದಿಗೆ ಎರಡು ಪ್ಲಸ್ ಗುರುತು, ನಡುವೆ ಚುಕ್ಕೆಯ ಗೆರೆ. ಆ ಗೆರೆಯ ಉದ್ದವೇ ದಿನಾಂಕದ ಆಧಾರ. ಉದ್ದದಿಂದ ವಾರ ಹೇಳುವ ಪಟ್ಟಿಗಳು 1970ರ ದಶಕದಿಂದ ಬಳಕೆಯಲ್ಲಿವೆ. ತಪ್ಪಿದರೆ ಐದರಿಂದ ಏಳು ದಿನ.

ಐದನೇ ತಿಂಗಳ ಹೊತ್ತಿಗೆ ಮಕ್ಕಳು ತಂತಮ್ಮ ಮೈಕಟ್ಟಿಗೆ ತಕ್ಕಂತೆ ಬೆಳೆಯಲು ಶುರುಮಾಡುತ್ತವೆ. ಎಂಟನೇ ತಿಂಗಳಲ್ಲಿ ಒಂದು ಮಗು ದಪ್ಪ, ಇನ್ನೊಂದು ಸಣಕಲು. ತಲೆ, ಹೊಟ್ಟೆ, ತೊಡೆಮೂಳೆ ಅಳೆದು ಯಂತ್ರ ಹೇಳುವ ದಿನಾಂಕ ಆಗ ಮೂರು ವಾರ ತಪ್ಪಬಹುದು. ಎಂಟನೇ ತಿಂಗಳ ಸ್ಕ್ಯಾನ್‌ನಲ್ಲಿ ಡ್ಯೂ ಡೇಟ್ ಹತ್ತು ದಿನ ಹಿಂದೆ ಬಂದರೆ ಗರ್ಭ ಹತ್ತು ದಿನ ಮೊದಲೇ ಕಟ್ಟಿತ್ತು ಎಂದಲ್ಲ, ಮಗು ಸ್ವಲ್ಪ ದಷ್ಟಪುಷ್ಟ ಎಂದಷ್ಟೇ.

ಮುಟ್ಟಿನ ಲೆಕ್ಕವನ್ನು ಯಾವಾಗ ಬದಲಿಸಬೇಕು ಎಂಬುದಕ್ಕೆ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2017ರಲ್ಲಿ ಕೊಟ್ಟ ಅಳತೆಗೋಲು ಇದೆ. 9 ವಾರ ತುಂಬುವ ಮೊದಲಿನ ಸ್ಕ್ಯಾನ್‌ಗೂ ಮುಟ್ಟಿಗೂ ಐದು ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಕ್ಯಾನ್ ಹಿಡಿಯಬೇಕು. 9 ವಾರದಿಂದ 16 ತುಂಬುವವರೆಗೆ ಏಳು ದಿನಕ್ಕಿಂತ ಹೆಚ್ಚು, 16ರಿಂದ 22ರೊಳಗೆ ಹತ್ತು ದಿನಕ್ಕಿಂತ ಹೆಚ್ಚು, ಅಲ್ಲಿಂದ 28ರೊಳಗೆ ಹದಿನಾಲ್ಕು, ಆಮೇಲೆ ಇಪ್ಪತ್ತೊಂದು. ಕಡೆಗಡೆಗೆ ಎಷ್ಟು ಸಡಿಲ ಬಿಟ್ಟಿದ್ದಾರೆ ನೋಡಿ. ತಡವಾದ ಸ್ಕ್ಯಾನ್‌ನ ದಿನಾಂಕದ ಮೇಲೆ ತಜ್ಞರಿಗೆ ಎಷ್ಟು ನಂಬಿಕೆ ಎಂಬುದು ಅದರಲ್ಲೇ ಇದೆ.

## ಐವಿಎಫ್‌ನಲ್ಲಿ ಹೇಗೆ ಎಣಿಸುತ್ತಾರೆ?

ಅಂಡ ಹೊರತೆಗೆದ ದಿನವೇ ಫಲಿತವಾದ ದಿನ. ಅದಕ್ಕೆ 266 ಸೇರಿಸಿದರೆ ಡ್ಯೂ ಡೇಟ್. ಐದು ದಿನದ ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟಿದ್ದರೆ ಬಿಟ್ಟ ದಿನಕ್ಕೆ 261, ಮೂರು ದಿನದ್ದಾದರೆ 263.

ಶೈತ್ಯೀಕರಿಸಿಟ್ಟ ಭ್ರೂಣದ ವಿಷಯದಲ್ಲಿ ಒಂದು ತಮಾಷೆ ಇದೆ. ಭ್ರೂಣ ರೂಪುಗೊಂಡದ್ದು ಮೂರು ವರ್ಷದ ಹಿಂದೆ ಇರಬಹುದು, ಡ್ಯೂ ಡೇಟ್‌ನಿಂದ 266 ಕಳೆದರೆ ಸಿಗುವುದು ಒಂದಾನೊಂದು ಮಾಮೂಲಿ ದಿನ. ಆವತ್ತು ಏನೂ ಆಗಿರುವುದಿಲ್ಲ. ಲೆಕ್ಕಕ್ಕೆ ಬೇಕಾದದ್ದು ಭ್ರೂಣ ಬೆಳೆದ ದಿನಗಳು ಮಾತ್ರ, ತಣ್ಣಗೆ ಮಲಗಿದ್ದ ವರ್ಷಗಳಲ್ಲ.

## ಮಗು ಮೂರು ವಾರ ಮೊದಲೇ ಹುಟ್ಟಿತು. ಹುಟ್ಟಿದ ದಿನದಿಂದ 266 ಕಳೆಯಲೇ?

ಬೇಡ. ಹೀಗೆ ಮಾಡಿದರೆ ಎಂಥ ಎಡವಟ್ಟಾಗುತ್ತದೆ ನೋಡಿ. ಅಕ್ಟೋಬರ್ 15ರ ಡ್ಯೂ ಡೇಟ್ ಇದ್ದ ಮಗು ಸೆಪ್ಟೆಂಬರ್ 24ಕ್ಕೆ ಹುಟ್ಟಿತು. ಅದರಿಂದ 266 ಕಳೆದರೆ ಜನವರಿ 1. ಆದರೆ ತಾಯಿಗೆ ಮುಟ್ಟಾದದ್ದೇ ಜನವರಿ 8ಕ್ಕೆ! ಮುಟ್ಟಾಗುವುದಕ್ಕೆ ಒಂದು ವಾರ ಮೊದಲೇ ಗರ್ಭ ಕಟ್ಟಿದಂತಾಯಿತು.

ಮಗು ಯಾವಾಗ ಬಂದರೂ ಎಣಿಸಬೇಕಾದದ್ದು ಡ್ಯೂ ಡೇಟ್‌ನಿಂದ. ಡ್ಯೂ ಡೇಟ್ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ದಿನ ತುಂಬಿ ಹುಟ್ಟುವವೂ ಎಲ್ಲ ಒಂದೇ ಅವಧಿ ಒಳಗಿರುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಡ ಬಿಡುಗಡೆಯ ದಿನ ಹಾರ್ಮೋನಿನಿಂದ ಗೊತ್ತಿದ್ದ 125 ಗರ್ಭಗಳನ್ನು ನೋಡಿದ್ದರು. ಅಂಡ ಬಿಡುಗಡೆಯಿಂದ ಹೆರಿಗೆಯವರೆಗಿನ ಅವಧಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟರೆ ನಟ್ಟನಡುವೆ ಬರುವುದು 268 ದಿನ. ಅವಧಿಪೂರ್ವ ಹೆರಿಗೆಗಳನ್ನು ಬಿಟ್ಟ ಮೇಲೂ ಅತಿ ಕಡಿಮೆ ಮತ್ತು ಅತಿ ಹೆಚ್ಚು ಅವಧಿಯ ನಡುವೆ 37 ದಿನದ ಅಂತರ ಇತ್ತು. ಹುಟ್ಟುಹಬ್ಬದಿಂದ ಹಿಂದಕ್ಕೆ ಎಣಿಸಿ ಅಪ್ಪ–ಅಮ್ಮ ಆ ದಿನ ಎಲ್ಲಿದ್ದರು ಎಂದು ಪತ್ತೇದಾರಿ ಮಾಡುವವರು ಈ 37ನ್ನು ನೆನಪಿಡಬೇಕು.

## ಮಗುವಿನ ತಂದೆ ಇಬ್ಬರಲ್ಲಿ ಯಾರು ಎಂದು ದಿನಾಂಕದಿಂದ ಹೇಳಬಹುದೇ?

ಎರಡು ಸಂಪರ್ಕಗಳ ನಡುವೆ ಎಷ್ಟು ದಿನ ಇದೆ ಎಂಬುದರ ಮೇಲಿದೆ. ಒಂದು ತಿಂಗಳಿಗೂ ಹೆಚ್ಚು ಅಂತರವಿದ್ದು, ಒಂಬತ್ತು ವಾರದೊಳಗೆ ಸ್ಕ್ಯಾನ್ ಆಗಿದ್ದರೆ ಸಾಮಾನ್ಯವಾಗಿ ಉತ್ತರ ಸ್ಪಷ್ಟ. ಹತ್ತು ದಿನದೊಳಗಿನ ಅಂತರವಾದರೆ ಯಾವ ಸ್ಕ್ಯಾನೂ, ಯಾವ ಡಾಕ್ಟರೂ, ಯಾವ ಕ್ಯಾಲ್ಕುಲೇಟರೂ ಹೇಳಲಾರದು. ಸ್ಕ್ಯಾನ್‌ನ ತಪ್ಪು ಐದಾರು ದಿನ, ವೀರ್ಯಾಣು ಕಾಯುವುದು ಐದು ದಿನ. ಎರಡೂ ಸೇರಿದರೆ ಆ ಹತ್ತು ದಿನ ನುಂಗಿಹೋಯಿತು. ನಡುವಿನ ಎರಡು–ಮೂರು ವಾರದ ಅಂತರ ಮಬ್ಬು ಪ್ರದೇಶ, ಒಬ್ಬರ ಕಡೆ ವಾಲಬಹುದು, ಖಾತ್ರಿ ಇಲ್ಲ.

ಖಾತ್ರಿ ಬೇಕಾದರೆ ಡಿಎನ್‌ಎ ಪರೀಕ್ಷೆಯೊಂದೇ ದಾರಿ. ಹುಟ್ಟಿದ ಮೇಲೆ ಮಗುವಿನ ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಸವರಿದರೆ ಸಾಕು. ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಲ್ಲಿ ಸಿಗುವ ಮಗುವಿನ ಡಿಎನ್‌ಎ ಚೂರುಗಳಿಂದ ನೋಡುವ ವಿಧಾನವೂ ಇದೆ. ಅದಕ್ಕೆ ಎಲ್ಲೆಡೆ ಕಾನೂನು ಒಂದೇ ಇಲ್ಲ. ಡಾಕ್ಟರ ಬಳಿ ಒಬ್ಬರೇ ಹೋಗಿ ಮುಚ್ಚುಮರೆಯಿಲ್ಲದೆ ಕೇಳಿ. ಅವರು ಈ ಪ್ರಶ್ನೆಯನ್ನು ಮೊದಲ ಸಲ ಕೇಳುತ್ತಿರುವುದಿಲ್ಲ.

## ಆಮೇಲೆ ಸ್ವಲ್ಪ ರಕ್ತ ಕಂಡಿತ್ತು, ಅದನ್ನೇ ಮುಟ್ಟು ಎಂದುಕೊಂಡೆ. ಲೆಕ್ಕ ಕೆಡುತ್ತದೆಯೇ?

ಕೆಡುತ್ತದೆ, ಅದೂ ಸುಮಾರು ನಾಲ್ಕು ವಾರದಷ್ಟು. ಫಲಿತವಾದ ಅಂಡ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದು ಹೆಚ್ಚಿನವರಲ್ಲಿ ಎಂಟರಿಂದ ಹತ್ತನೇ ದಿನಕ್ಕೆ. ಗರ್ಭದ ಆರಂಭದ ಈ ದಿನಗಳಲ್ಲಿ ಕೆಲವರಿಗೆ ಒಂದೆರಡು ದಿನ ಕಲೆಯಷ್ಟು ರಕ್ತ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ ಮುಂದಿನ ಮುಟ್ಟು ಬರಬೇಕಾದದ್ದು ಫೆಬ್ರವರಿ 5. ಫೆಬ್ರವರಿ 3ಕ್ಕೆ ಕಲೆ ಕಂಡರೆ ‘ಎರಡು ದಿನ ಮೊದಲೇ ಬಂತು’ ಎಂದುಕೊಳ್ಳುವುದು ಸಹಜ. ಅದನ್ನೇ ಹಿಡಿದರೆ ಡ್ಯೂ ಡೇಟ್ ನವೆಂಬರ್ 10ಕ್ಕೆ ಜಾರುತ್ತದೆ. ಯಾವಾಗಿನಂತೆ ಆಗಲಿಲ್ಲ, ಒಂದೇ ದಿನಕ್ಕೆ ನಿಂತಿತು ಎನಿಸಿದ್ದರೆ ಡಾಕ್ಟರಿಗೆ ಎರಡೂ ದಿನಾಂಕ ಹೇಳಿಬಿಡಿ. ಬಸುರಿನಲ್ಲಿ ರಕ್ತ ಹೋಗುತ್ತಿದ್ದರೆ, ಹೊಟ್ಟೆಯ ಒಂದು ಪಕ್ಕ ನೋಯುತ್ತಿದ್ದರೆ ಲೆಕ್ಕ ಆಮೇಲೆ, ಮೊದಲು ಆಸ್ಪತ್ರೆಗೆ ಹೋಗಿ.

## ಗರ್ಭ ಕಟ್ಟಿದ್ದು ನನಗೆ ಆವತ್ತೇ ಗೊತ್ತಾಯಿತು. ಹಾಗೆ ಆಗುತ್ತದೆಯೇ?

ನಿಮ್ಮ ಮಾತನ್ನು ತಳ್ಳಿಹಾಕಲು ಮನಸ್ಸಿಲ್ಲ. ಆದರೆ ಗರ್ಭದ ಹಾರ್ಮೋನು ತಾಯಿಯ ರಕ್ತ ಸೇರುವುದು ಭ್ರೂಣ ಗೋಡೆಗೆ ಅಂಟಿದ ಮೇಲೆ, ಅಂದರೆ ಒಂದು ವಾರಕ್ಕಿಂತ ಹೆಚ್ಚು ಕಳೆದ ಮೇಲೆ. ಅದಕ್ಕೂ ಮೊದಲು ದೇಹಕ್ಕೆ ಸುದ್ದಿಯೇ ಮುಟ್ಟಿರುವುದಿಲ್ಲ. ಕಿಬ್ಬೊಟ್ಟೆಯಲ್ಲಿ ಚಳಕು ಬಂದಿದ್ದರೆ ಅದು ಅಂಡ ಬಿಡುಗಡೆಯ ನೋವು ಇರಬಹುದು. ಹಾಗಿದ್ದರೆ ಅದೂ ಒಂದು ಸುಳಿವೇ.

ಇದಕ್ಕಿಂತ ಗಟ್ಟಿ ಸುಳಿವು ಅಂಡ ಬಿಡುಗಡೆಯ ಕಿಟ್. ಅದರಲ್ಲಿ ಎಲ್‌ಎಚ್ ಹಾರ್ಮೋನು ಏರಿದ್ದು ಕಂಡರೆ ಒಂದೂವರೆ ದಿನದೊಳಗೆ ಅಂಡ ಬಿಡುಗಡೆ. ಬೆಳಿಗ್ಗೆ ಏಳುವಾಗಿನ ದೇಹದ ಉಷ್ಣ ಬರೆದಿಟ್ಟಿದ್ದರೂ ಉಪಯೋಗವಿದೆ, ಅಂಡ ಬಿಡುಗಡೆಯ ನಂತರ ಅದು ಸ್ವಲ್ಪ ಏರಿ ಅಲ್ಲೇ ನಿಲ್ಲುತ್ತದೆ. ಇಂಥ ದಾಖಲೆ ಇದ್ದವರು 266ರ ಹಂಗಿಗೆ ಬೀಳಬೇಕಿಲ್ಲ.

## ಗರ್ಭ ಗೊತ್ತಾಗುವ ಮೊದಲು ಮಾತ್ರೆ ನುಂಗಿದ್ದೆ, ಎಕ್ಸ್‌ರೇ ತೆಗೆಸಿಕೊಂಡಿದ್ದೆ. ಆಗ ಗರ್ಭ ಕಟ್ಟಿತ್ತೇ?

ಈ ದಿನಾಂಕ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಮಾತ್ರೆ ತೆಗೆದುಕೊಂಡ ದಿನ ಅಂದಾಜು ದಿನಕ್ಕಿಂತ ಎರಡು ವಾರಕ್ಕೂ ಹಿಂದಿದ್ದರೆ ಆಗ ಗರ್ಭ ಇರಲಿಲ್ಲ ಎನ್ನಬಹುದು, ಆದರೂ ಕೆಲವು ಔಷಧಗಳು ದೇಹದಲ್ಲಿ ಬಹಳ ದಿನ ಉಳಿಯುತ್ತವೆ. ಅಂಗಾಂಗ ರೂಪುಗೊಳ್ಳುವುದು ಗರ್ಭ ಕಟ್ಟಿದ ಮೂರನೇ ವಾರದಿಂದ ಎಂಟನೇ ವಾರದವರೆಗೆ, ಹೆಚ್ಚು ಎಚ್ಚರ ಬೇಕಾದ ಕಾಲ ಅದು. ಮಾತ್ರೆಯ ಹೆಸರು, ಪ್ರಮಾಣ, ತೆಗೆದುಕೊಂಡ ದಿನ ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಅಪಸ್ಮಾರ, ಥೈರಾಯ್ಡ್, ಬಿಪಿಯ ಮಾತ್ರೆಗಳನ್ನು ಗಾಬರಿಬಿದ್ದು ನೀವೇ ನಿಲ್ಲಿಸಬೇಡಿ. ಎದೆಯ ಎಕ್ಸ್‌ರೇ, ಹಲ್ಲಿನ ಎಕ್ಸ್‌ರೇಗಳಲ್ಲಿ ಗರ್ಭಕ್ಕೆ ತಾಗುವ ವಿಕಿರಣ ತೀರಾ ಅಲ್ಪ.

## ಅವಳಿ ಇದ್ದರೆ?

ಲೆಕ್ಕ ಅದೇ. ಅವಳಿ ಬೇಗ ಹುಟ್ಟುತ್ತವೆ, ಬೇಗ ಕಟ್ಟುವುದಿಲ್ಲ. ಮೊದಲ ಸ್ಕ್ಯಾನ್‌ನಲ್ಲಿ ಎರಡರ ಉದ್ದ ಬೇರೆ ಬೇರೆ ಇದ್ದರೆ ಸಾಮಾನ್ಯವಾಗಿ ದೊಡ್ಡದರ ಅಳತೆ ಹಿಡಿಯುತ್ತಾರೆ.

## ಡಾಕ್ಟರ ಚಕ್ರ ಒಂದು ದಿನ ಹೇಳುತ್ತದೆ, ಆ್ಯಪ್ ಇನ್ನೊಂದು ದಿನ. ಯಾಕೆ?

ಡಾಕ್ಟರು ತಿರುಗಿಸಿ ಡ್ಯೂ ಡೇಟ್ ಹೇಳುವ ಆ ರಟ್ಟಿನ ಚಕ್ರವನ್ನು ಹತ್ತಿರದಿಂದ ನೋಡಿದ್ದೀರಾ? ಒಂದರ ಮೇಲೊಂದು ಎರಡು ಬಿಲ್ಲೆ, ನಡುವೆ ಒಂದು ಗುಂಡಿ. ಹೊರಗಿನದರಲ್ಲಿ 365 ಗೀಟುಗಳು, ಕೂದಲೆಳೆ ಅಂತರದಲ್ಲಿ. ಬಾಣದ ಗುರುತನ್ನು ಮುಟ್ಟಿನ ದಿನಕ್ಕೆ ತಂದು ನಿಲ್ಲಿಸಿದರೆ 40ನೇ ವಾರದ ಗುರುತಿನ ಎದುರು ಡ್ಯೂ ಡೇಟ್ ಕಾಣುತ್ತದೆ. ಬಳಸಿ ಬಳಸಿ ನಡುವಿನ ಗುಂಡಿ ಸಡಿಲವಾದರೆ, ಬೆರಳು ಒಂದಿಷ್ಟು ಅಲುಗಿದರೆ ಒಂದೆರಡು ದಿನ ಅಲ್ಲೇ ಹೋಯಿತು. ಚಕ್ರಕ್ಕೆ ಅಧಿಕ ವರ್ಷದ ಫೆಬ್ರವರಿ 29 ಗೊತ್ತಿಲ್ಲ. ಆ್ಯಪ್‌ಗಳಲ್ಲಿ ಕೆಲವು ದಿನ ಎಣಿಸುತ್ತವೆ, ಕೆಲವು ನೇಗಲೆಯ ಹಾಗೆ ತಿಂಗಳು ಎಣಿಸುತ್ತವೆ. ಆ ಎರಡು ದಾರಿಗಳ ನಡುವೆಯೇ ಮೂರು ದಿನದವರೆಗೆ ವ್ಯತ್ಯಾಸ ಉಂಟು. ಒಂದನ್ನು ಹಿಡಿದು ಉಳಿದದ್ದನ್ನು ಅಳಿಸಿಹಾಕಿ.

## ಗರ್ಭ ಕಟ್ಟಿದ ದಿನ ಗೊತ್ತಾದರೆ ಗಂಡೋ ಹೆಣ್ಣೋ ಹೇಳಬಹುದಂತೆ?

ಇಲ್ಲ. ತಾಯಿಯ ವಯಸ್ಸು ಒಂದು ಸಾಲು, ಗರ್ಭ ಕಟ್ಟಿದ ತಿಂಗಳು ಇನ್ನೊಂದು ಸಾಲು ಇರುವ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಅವು ಹೇಳಿದ್ದು ಅರ್ಧದಷ್ಟು ಸಲ ನಿಜವಾಗುತ್ತದೆ. ನಾಣ್ಯ ಚಿಮ್ಮಿದರೂ ಅಷ್ಟೇ. ಮಗು ಗಂಡಾಗುವುದು ಹೆಣ್ಣಾಗುವುದು ಅಂಡ ಸೇರಿದ ವೀರ್ಯಾಣುವಿನಲ್ಲಿ ವೈ ಕ್ರೋಮೋಸೋಮ್ ಇತ್ತೋ ಎಕ್ಸ್ ಇತ್ತೋ ಎಂಬುದರಿಂದ. ಅಂಡ ಬಿಡುಗಡೆಯ ದಿನ ಕೂಡಿದರೆ ಗಂಡು, ಮೊದಲೇ ಕೂಡಿದರೆ ಹೆಣ್ಣು ಎಂಬ ಮಾತನ್ನೂ 1995ರ ಆ ಅಧ್ಯಯನದಲ್ಲಿ ಪರೀಕ್ಷಿಸಿ ನೋಡಿದ್ದರು. ಯಾವ ಸಂಬಂಧವೂ ಸಿಗಲಿಲ್ಲ.